ಅಪರೂಪದ ಇಂಗ್ಲಿಷ್ ಪದಗಳ ಅರ್ಥ ತಿಳಿದು ಸರಿಯಾಗಿ ಬಳಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಅಪರೂಪದ ಇಂಗ್ಲಿಷ್ ಪದಗಳನ್ನು ಕಲಿಯಲು ಹೊರಟವರು ಬಹುಮಟ್ಟಿಗೆ ಎಡವುವುದು ಒಂದೇ ಜಾಗದಲ್ಲಿ. ಪದವೊಂದು ಕಣ್ಣಿಗೆ ಬೀಳುತ್ತದೆ. ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ಅದರ ಮುಂದಿರುವ ಮೊದಲ ಕನ್ನಡ ಪದವನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಮರುದಿನದಿಂದ ಆ ಕನ್ನಡ ಪದ ಹೊಂದುವ ಕಡೆಯಲ್ಲೆಲ್ಲ ಇಂಗ್ಲಿಷ್ ಪದವನ್ನು ತಂದು ಕೂರಿಸುತ್ತಾರೆ. ‘ಯುಬಿಕ್ವಿಟಸ್’ ಎಂದರೆ ‘ಸರ್ವವ್ಯಾಪಿ’ ಎಂದು ಕಲಿತವರು ‘ಗಾಡ್ ಈಸ್ ಯುಬಿಕ್ವಿಟಸ್’ ಎಂದು ಬರೆಯುವುದು ಹೀಗೆಯೇ. ಇಂದಿನ ಇಂಗ್ಲಿಷಿನಲ್ಲಿ ಆ ಪದ ಅಂಟಿಕೊಂಡಿರುವುದು ಎತ್ತ ತಿರುಗಿದರೂ ಎದುರಾಗುವ ಮೊಬೈಲ್ ಫೋನು, ಜಾಹೀರಾತು ಫಲಕ, ಪ್ಲಾಸ್ಟಿಕ್ ಚೀಲಗಳಂಥ ವಸ್ತುಗಳಿಗೆ. ದೇವರಿಗೆ ಸಲ್ಲುವ ಪದ ‘ಆಮ್ನಿಪ್ರೆಸೆಂಟ್’. ನಿಘಂಟು ಸುಳ್ಳು ಹೇಳಿಲ್ಲ, ಆದರೆ ವಾಕ್ಯ ಕೆಟ್ಟಿದೆ.

ತಪ್ಪು ಇರುವುದು ಕೆಲಸದ ಕ್ರಮದಲ್ಲಿ. ಕನ್ನಡದ ಸಮಾನಪದವನ್ನು ಮೊದಲಿಗೇ ಬರೆದುಕೊಂಡರೆ ಮನಸ್ಸು ಅಲ್ಲಿಗೇ ತೃಪ್ತಿಪಟ್ಟು, ಪದದ ಉಳಿದ ಗುಣಗಳನ್ನು ನೋಡುವುದನ್ನೇ ನಿಲ್ಲಿಸುತ್ತದೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ ಕನ್ನಡ ಅರ್ಥ ಬರುವುದು ಏಳನೆಯ ಹಂತದಲ್ಲಿ, ಸ್ವಂತ ಬರಹದಲ್ಲಿ ಪದವನ್ನು ಬಳಸುವುದು ಕಟ್ಟಕಡೆಯಲ್ಲಿ. ಈ ಕ್ರಮವನ್ನು ಅದಲುಬದಲು ಮಾಡಬಾರದೆಂಬುದು ನನ್ನ ಮೊದಲ ವಿನಂತಿ.

ಬೇಕಾಗುವ ಸಾಧನಗಳು

ಮೊದಲನೆಯದು, ಇಂಗ್ಲಿಷಿನಲ್ಲೇ ಅರ್ಥ ವಿವರಿಸುವ, ಕಲಿಯುವವರಿಗೆಂದೇ ಸಿದ್ಧಪಡಿಸಿದ ನಿಘಂಟು. ಇವನ್ನು ‘ಲರ್ನರ್ಸ್ ಡಿಕ್ಷನರಿ’ ಎನ್ನುತ್ತಾರೆ. ಲಾಂಗ್‌ಮನ್ ಸಂಸ್ಥೆ 1978ರಲ್ಲಿ ಹೊರತಂದ ಇಂಥ ನಿಘಂಟು ಎಲ್ಲ ಅರ್ಥಗಳನ್ನೂ ಸುಮಾರು 2000 ಸರಳ ಪದಗಳ ಒಳಗೇ ವಿವರಿಸುವ ಪದ್ಧತಿಯನ್ನು ಅನುಸರಿಸಿತು. 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ಅರ್ಥವನ್ನು ಇಡೀ ವಾಕ್ಯದ ರೂಪದಲ್ಲಿ ಕೊಟ್ಟಿತು. ವಾಕ್ಯರೂಪದ ವಿವರಣೆಯಲ್ಲಿ ಅರ್ಥದ ಜೊತೆಗೆ ಬಳಕೆಯೂ ಕಾಣುವುದರಿಂದ ಅಪರೂಪದ ಪದಗಳಿಗೆ ನಾನು ಎರಡನೆಯ ಬಗೆಯನ್ನೇ ಮೊದಲು ತೆರೆಯುತ್ತೇನೆ. ಈ ಬಗೆಯ ನಿಘಂಟುಗಳು ಅಂತರಜಾಲದಲ್ಲಿಯೂ ಲಭ್ಯವಿವೆ.

ಎರಡನೆಯದು, ಪದಗಳ ನಿಜವಾದ ಬಳಕೆಯನ್ನು ತೋರಿಸುವ ವಾಕ್ಯಭಂಡಾರ, ಅಂದರೆ ಕಾರ್ಪಸ್. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಸುಮಾರು 10 ಕೋಟಿ ಪದಗಳಷ್ಟು ಬರಹ ಮತ್ತು ಮಾತು ಸಂಗ್ರಹವಾಗಿದೆ. ಅಮೆರಿಕದ ಸಮಕಾಲೀನ ಇಂಗ್ಲಿಷಿನ ಕಾರ್ಪಸ್‌ನಲ್ಲಿ 100 ಕೋಟಿಗೂ ಹೆಚ್ಚು ಪದಗಳಿವೆ. ಇವುಗಳ ಬಳಕೆ ಮೊದಮೊದಲು ಗೊಂದಲವೆನಿಸಿದರೂ ಅರ್ಧ ಗಂಟೆಯಲ್ಲಿ ಕೈಗೆ ಹತ್ತುತ್ತದೆ.

ಇವುಗಳ ಜೊತೆಗೆ ಒಂದು ಒಳ್ಳೆಯ ಇಂಗ್ಲಿಷ್-ಕನ್ನಡ ನಿಘಂಟು ಮತ್ತು ಚೀಟಿಗಳು ಅಥವಾ ನೋಟುಪುಸ್ತಕ ಇದ್ದರೆ ಸಾಕು. ‘ಕಲಿಯಲೇಬೇಕಾದ ಸಾವಿರ ಕಠಿಣ ಪದಗಳು’ ಎಂಬಂಥ ಪಟ್ಟಿಗಳು ಬೇಡ. ಸಮಾನಾರ್ಥಕ ಪದಗಳ ಕೋಶವನ್ನು, ಅಂದರೆ ಥೆಸಾರಸ್ಸನ್ನು, ಕಲಿಕೆಯ ಆರಂಭದಲ್ಲಿ ಮುಟ್ಟಲೇಬಾರದು. ಅದು ಪದಗಳನ್ನು ಈಗಾಗಲೇ ಬಲ್ಲವರಿಗೆ ನೆನಪಿಸುವ ಸಾಧನ, ಬಾರದವರಿಗೆ ಕಲಿಸುವ ಸಾಧನವಲ್ಲ.

ಹಂತ 1: ಯಾವ ಪದ ಕಲಿಯಬೇಕೆಂದು ತೀರ್ಮಾನಿಸುವುದು

ಎದುರಾದ ಪ್ರತಿಯೊಂದು ಅಪರಿಚಿತ ಪದವನ್ನೂ ಕಲಿಯಲು ಕುಳಿತರೆ ಓದು ನಿಂತುಹೋಗುತ್ತದೆ. ಒಂದು ಪದ ಬೇರೆ ಬೇರೆ ಬರಹಗಳಲ್ಲಿ ಎರಡು ಮೂರು ಬಾರಿ ಕಂಡಿದ್ದರೆ, ಅಥವಾ ಅದನ್ನು ಬಿಟ್ಟರೆ ಆ ಪ್ಯಾರಾದ ಅರ್ಥವೇ ಕುಸಿಯುವಂತಿದ್ದರೆ ಮಾತ್ರ ಅದನ್ನು ಕೈಗೆತ್ತಿಕೊಳ್ಳಬೇಕು.

ನಂತರ ಎರಡು ಪಟ್ಟಿಗಳನ್ನು ಮಾಡಿಕೊಳ್ಳಿ. ಒಂದು, ಓದುವಾಗ ಗುರುತು ಹಿಡಿದರೆ ಸಾಕೆನ್ನುವ ಪದಗಳ ಪಟ್ಟಿ. ಇನ್ನೊಂದು, ಸ್ವತಃ ಬರೆಯುವಾಗ ಬಳಸಬೇಕೆನ್ನುವ ಪದಗಳ ಪಟ್ಟಿ. ಹತ್ತು ಪದಗಳಲ್ಲಿ ಎಂಟಾದರೂ ಮೊದಲ ಪಟ್ಟಿಯಲ್ಲೇ ಉಳಿಯಬೇಕೆಂಬುದು ನನ್ನ ಲೆಕ್ಕ. ‘ಬಿಟ್ವಿಕ್ಸ್ಟ್’ ಎಂದರೆ ‘ನಡುವೆ’ ಎಂದು ತಿಳಿದಿದ್ದರೆ ಹಳೆಯ ಪದ್ಯ ಓದಲು ಅನುಕೂಲ, ಆದರೆ ಅದನ್ನು ಇಂದಿನ ಪತ್ರದಲ್ಲಿ ಬರೆದರೆ ಓದುಗರು ನಗುತ್ತಾರೆ. ಬಳಸುವ ಪಟ್ಟಿಗೆ ವಾರಕ್ಕೆ ಐದಕ್ಕಿಂತ ಹೆಚ್ಚು ಪದಗಳನ್ನು ಸೇರಿಸಬೇಡಿ.

ಹಂತ 2: ನಿಘಂಟು ತೆರೆಯುವ ಮೊದಲು ಊಹಿಸಿ, ಊಹೆಯನ್ನು ಬರೆದಿಡುವುದು

ಪದ ಕಂಡ ವಾಕ್ಯವನ್ನು ಪೂರ್ತಿಯಾಗಿ ನಕಲು ಮಾಡಿಕೊಂಡು, ಅದರ ಹಿಂದಿನ ಮತ್ತು ಮುಂದಿನ ವಾಕ್ಯಗಳ ಸಹಾಯದಿಂದ ಅರ್ಥವನ್ನು ಊಹಿಸಿ, ಆ ಊಹೆಯನ್ನು ಪಕ್ಕದಲ್ಲಿ ಬರೆಯಿರಿ. ಊಹೆ ತಪ್ಪಿದಾಗ ಆಗುವ ಸಣ್ಣ ಆಶ್ಚರ್ಯವೇ ಪದವನ್ನು ನೆನಪಿನಲ್ಲಿ ಹಿಡಿದಿಡುತ್ತದೆ. ಆದ್ದರಿಂದ ಬರೆಯದೆ ಮನಸ್ಸಿನಲ್ಲೇ ಊಹಿಸಿ ಮುಂದೆ ಹೋಗುವುದರಿಂದ ಪ್ರಯೋಜನ ಕಡಿಮೆ.

ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಪದದ ಆಕಾರ ನೋಡಿ ಅರ್ಥ ಕಟ್ಟುವುದು. ‘ಎನರ್ವೇಟ್’ ಎಂಬುದರಲ್ಲಿ ‘ಎನರ್ಜಿ’ಯ ಛಾಯೆ ಕೇಳಿ ‘ಹುರುಪು ತುಂಬು’ ಎಂದುಕೊಳ್ಳುವವರಿಗೆ ಲೆಕ್ಕವಿಲ್ಲ. ಅದರ ಅರ್ಥ ‘ಬಲ ಹೀರಿ ಸೊರಗಿಸು’. ಅದರ ಲ್ಯಾಟಿನ್ ಮೂಲದಲ್ಲಿರುವುದು ನರವನ್ನು, ಸ್ನಾಯುವನ್ನು ಕಿತ್ತು ಹಾಕುವ ಕಲ್ಪನೆ. ‘ನಾಯ್ಸಮ್’ ಎಂಬುದಕ್ಕೂ ‘ನಾಯ್ಸ್’ ಎಂಬ ಸದ್ದಿಗೂ ಸಂಬಂಧವಿಲ್ಲ. ಅದು ‘ಅನಾಯ್’ ಎಂಬುದರ ಬಳಗಕ್ಕೆ ಸೇರಿ ಹೇಸಿಗೆ ಹುಟ್ಟಿಸುವ ದುರ್ವಾಸನೆಯನ್ನು ಹೇಳುತ್ತದೆ. ‘ರೆಸ್ಟಿವ್’ ಎಂದರೆ ವಿಶ್ರಾಂತಿಯಲ್ಲಿರುವ ಎಂದಲ್ಲ, ತಾಳ್ಮೆ ಕಳೆದುಕೊಂಡು ಹತೋಟಿಗೆ ಸಿಗದ ಎಂದು. ‘ಪೆನಲ್ಟಿಮೇಟ್’ ಎಂಬುದು ‘ಅಲ್ಟಿಮೇಟ್’ಗಿಂತ ಒಂದು ಕೈ ಮೇಲು ಎಂದು ತಿಳಿದವರಿದ್ದಾರೆ; ಅದು ಕೊನೆಯದಕ್ಕೆ ಮುಂಚಿನದು ಎಂದಷ್ಟೇ ಹೇಳುತ್ತದೆ.

‘ಇನ್’ ಎಂಬ ಉಪಸರ್ಗವೂ ಹೀಗೆಯೇ ಮೋಸ ಮಾಡುತ್ತದೆ. ‘ಇನ್‌ವ್ಯಾಲ್ಯುಯಬಲ್’ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ನಮ್ಮ ‘ಅಮೂಲ್ಯ’ ಎಂಬ ಪದವೂ ಹೀಗೆಯೇ ವರ್ತಿಸುವುದನ್ನು ನೆನೆದರೆ ಇದು ಮರೆಯುವುದಿಲ್ಲ. ‘ಇನ್ಫಮಸ್’ ಎಂದರೆ ಹೆಸರಿಲ್ಲದವನಲ್ಲ, ಕೆಟ್ಟ ಹೆಸರಿನವನು. ‘ಇನ್ಫ್ಲೇಮಬಲ್’ ಎಂದರೆ ಬೆಂಕಿ ಹತ್ತಿಕೊಳ್ಳುವಂಥದ್ದು ಎಂದೇ ಅರ್ಥ; ಈ ಗೊಂದಲ ಪ್ರಾಣಕ್ಕೇ ಎರವಾಗಬಹುದೆಂಬ ಕಾರಣಕ್ಕೆ ಎಚ್ಚರಿಕೆಯ ಫಲಕಗಳಲ್ಲಿ ಈಗ ‘ಫ್ಲೇಮಬಲ್’ ಎಂದು ಬರೆಯುವುದು ರೂಢಿಯಾಗಿದೆ.

ಹಂತ 3: ನಿಘಂಟಿನ ನಮೂದನ್ನು ಕೊನೆಯವರೆಗೆ ಓದುವುದು

ಬಹುಪಾಲು ಓದುಗರು ಮೊದಲ ಅರ್ಥ ಕಂಡೊಡನೆ ನಿಘಂಟು ಮುಚ್ಚುತ್ತಾರೆ. ಮೊದಲ ಅರ್ಥವೇ ಹೆಚ್ಚು ಬಳಕೆಯಲ್ಲಿರುವ ಅರ್ಥ ಎಂಬ ನಂಬಿಕೆ ಎಲ್ಲ ನಿಘಂಟುಗಳಿಗೂ ಸಲ್ಲುವುದಿಲ್ಲ. ಕಲಿಯುವವರ ನಿಘಂಟುಗಳು ಸಾಮಾನ್ಯವಾಗಿ ಬಳಕೆಯ ಪ್ರಮಾಣಕ್ಕೆ ತಕ್ಕಂತೆ ಅರ್ಥಗಳನ್ನು ಜೋಡಿಸುತ್ತವೆ. ಮೆರಿಯಮ್-ವೆಬ್‌ಸ್ಟರ್ ನಿಘಂಟು ಅರ್ಥ ಹುಟ್ಟಿದ ಕಾಲಕ್ರಮದಲ್ಲಿ ಜೋಡಿಸುತ್ತದೆ. ಎರಡನೆಯ ಬಗೆಯಲ್ಲಿ ಮೊದಲಿಗೆ ಕಾಣುವ ಅರ್ಥ ಇಂದು ಯಾರೂ ಬಳಸದ ಹಳೆಯ ಅರ್ಥವಾಗಿರಬಹುದು. ನಿಮ್ಮ ನಿಘಂಟು ಯಾವ ಕ್ರಮ ಅನುಸರಿಸುತ್ತದೆಂಬುದನ್ನು ಅದರ ಮುನ್ನುಡಿಯಲ್ಲಿ ಒಮ್ಮೆ ನೋಡಿಕೊಂಡರೆ ಎಷ್ಟೋ ತಪ್ಪುಗಳು ತಪ್ಪುತ್ತವೆ.

ನಮೂದಿನಲ್ಲಿ ಅರ್ಥದಷ್ಟೇ ಮುಖ್ಯವಾದದ್ದು ಅದರ ಪಕ್ಕದ ಸಣ್ಣ ಅಕ್ಷರದ ಗುರುತು. ‘ಆರ್ಕೇಯಿಕ್’ ಎಂದಿದ್ದರೆ ಆ ಪದ ಹಳೆಯ ಕಾಲದ ಸೊಗಡಿಗಾಗಿ ಮಾತ್ರ ಉಳಿದಿದೆ. ‘ಡೇಟೆಡ್’ ಎಂದಿದ್ದರೆ ಹಿರಿಯ ತಲೆಮಾರಿನ ಬಾಯಲ್ಲಿ ಕೇಳಬಹುದು. ‘ಲಿಟರರಿ’ ಎಂದಿದ್ದರೆ ಕಥೆ ಕವನಗಳಿಗೆ ಸರಿ, ವರದಿಗೆ ಸಲ್ಲದು. ‘ಫಾರ್ಮಲ್’ ಎಂದಿದ್ದರೆ ಗೆಳೆಯರ ಹರಟೆಯಲ್ಲಿ ಅದು ಗಂಟುಮೋರೆ ಹಾಕಿದಂತೆ ಕೇಳುತ್ತದೆ. ‘ಡೆರೊಗೇಟರಿ’ ಅಥವಾ ‘ಡಿಸ್‌ಅಪ್ರೂವಿಂಗ್’ ಎಂದಿದ್ದರೆ ಪದದ ಒಳಗೇ ನಿಂದೆ ಅಡಗಿದೆ. ಈ ಗುರುತನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳದೆ ಪದವನ್ನು ಮಾತ್ರ ಬರೆದುಕೊಳ್ಳುವುದು ಔಷಧದ ಹೆಸರು ಬರೆದುಕೊಂಡು ಪ್ರಮಾಣ ಬಿಟ್ಟಂತೆ.

ಈ ಗುರುತನ್ನು ಕಡೆಗಣಿಸಿದ್ದರ ಫಲವನ್ನು ನಾನೂ ಉಂಡಿದ್ದೇನೆ. ಹಿರಿಯರೊಬ್ಬರಿಗೆ ಬರೆದ ಪತ್ರದಲ್ಲಿ ‘ತುಂಬು ಹೃದಯದ ಹೊಗಳಿಕೆ’ ಎಂಬ ಅರ್ಥದಲ್ಲಿ ‘ಫುಲ್ಸಮ್ ಪ್ರೇಸ್’ ಎಂದು ಬರೆದಿದ್ದೆ. ಆ ಪದದ ಮುಂದೆ ನಿಘಂಟುಗಳು ‘ಅತಿಯಾಗಿ, ಕೃತಕವೆನಿಸುವಷ್ಟು ಹೊಗಳುವ’ ಎಂಬ ಅರ್ಥವನ್ನೂ, ಅದರ ಬಳಕೆಯ ಬಗ್ಗೆ ಒಂದು ಎಚ್ಚರಿಕೆಯ ಟಿಪ್ಪಣಿಯನ್ನೂ ಕೊಟ್ಟಿರುತ್ತವೆ. ಅವರು ಏನೂ ಅನ್ನಲಿಲ್ಲ, ಆದರೆ ನಿಘಂಟನ್ನು ಪೂರ್ತಿ ಓದುವ ಅಭ್ಯಾಸ ನನಗೆ ಅಂದಿನಿಂದ ಬಂತು.

ಒಂದೇ ಪದಕ್ಕೆ ಪರಸ್ಪರ ವಿರುದ್ಧವಾದ ಅರ್ಥಗಳಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ‘ಸ್ಯಾಂಕ್ಷನ್’ ಎಂದರೆ ಮಂಜೂರು ಮಾಡುವುದೂ ಹೌದು, ನಿರ್ಬಂಧ ಹೇರುವುದೂ ಹೌದು. ‘ಕ್ಲೀವ್’ ಎಂದರೆ ಸೀಳುವುದು, ಅಂಟಿಕೊಳ್ಳುವುದು ಎರಡೂ. ‘ಮೂಟ್ ಪಾಯಿಂಟ್’ ಎಂಬುದು ಬ್ರಿಟಿಷ್ ಬಳಕೆಯಲ್ಲಿ ಚರ್ಚೆಗೆ ತೆರೆದಿರುವ ವಿಷಯ, ಅಮೆರಿಕದ ಬಳಕೆಯಲ್ಲಿ ಚರ್ಚಿಸಿಯೂ ಫಲವಿಲ್ಲದ ವಿಷಯ. ‘ನಾನ್‌ಪ್ಲಸ್ಡ್’ ಎಂದರೆ ತಬ್ಬಿಬ್ಬಾದ ಎಂದರ್ಥ. ಉತ್ತರ ಅಮೆರಿಕದಲ್ಲಿ ‘ಏನೂ ವಿಚಲಿತನಾಗದ’ ಎಂಬ ತದ್ವಿರುದ್ಧ ಅರ್ಥವೂ ಹಬ್ಬಿದೆ. ಇಂಥ ಪದಗಳು ಗುರುತಿಸುವ ಪಟ್ಟಿಯಲ್ಲೇ ಇರಲಿ. ಸುತ್ತಲಿನ ವಾಕ್ಯ ಅರ್ಥವನ್ನು ಒಂದೇ ಕಡೆಗೆ ವಾಲಿಸದ ಹೊರತು ಇವನ್ನು ಬಳಸಿದರೆ ಓದುಗರಲ್ಲಿ ಅರ್ಧದಷ್ಟು ಜನ ನೀವು ಹೇಳಿದ್ದಕ್ಕೆ ವಿರುದ್ಧವಾದದ್ದನ್ನು ತಿಳಿದುಕೊಳ್ಳಬಹುದು.

ಹಂತ 4: ಉಚ್ಚಾರಣೆಯನ್ನು ಕಿವಿಯಿಂದ ಕಲಿಯುವುದು

ಕನ್ನಡವನ್ನು ಬರೆದಂತೆಯೇ ಓದುವ ನಮಗೆ ಇಂಗ್ಲಿಷ್ ಪದದ ಎಲ್ಲ ಅಕ್ಷರಗಳನ್ನೂ ಉಚ್ಚರಿಸುವ ಚಪಲ ಸಹಜ. ಓದಿನಲ್ಲಿ ಮಾತ್ರ ಕಂಡ ಪದಗಳಲ್ಲಿ ಇದು ಬಹಳ ಬೇಗ ಸಿಕ್ಕಿಬೀಳುತ್ತದೆ. ‘ಎಪಿಟೋಮ್’ ಎಂದು ಓದಿಕೊಳ್ಳುವ ಪದ ನಿಜವಾಗಿ ‘ಇಪಿಟಮಿ’. ‘ಹೈಪರ್‌ಬೋಲ್’ ಅಲ್ಲ, ‘ಹೈಪರ್‌ಬಲಿ’. ‘ಇಂಡಿಕ್ಟ್’ ಅಲ್ಲ, ‘ಇಂಡೈಟ್’. ‘ಆಲ್ಬೈಟ್’ ಅಲ್ಲ, ‘ಆಲ್‌ಬೀಇಟ್’. ಎ, ಡಬ್ಲ್ಯು, ಆರ್, ವೈ ಎಂಬ ನಾಲ್ಕು ಅಕ್ಷರಗಳ ಪದವನ್ನು ‘ಆರಿ’ ಎನ್ನದೆ ‘ಅರೈ’ ಎನ್ನಬೇಕು.

ನಿಘಂಟಿನ ಧ್ವನಿ ಗುಂಡಿಯನ್ನು ಒತ್ತಿ ಮೂರು ಬಾರಿ ಕೇಳಿ, ಮೂರು ಬಾರಿ ಗಟ್ಟಿಯಾಗಿ ಹೇಳಿ. ಉಚ್ಚಾರಣೆಯ ಬರಹದಲ್ಲಿ ಮೇಲ್ಭಾಗದಲ್ಲಿ ಕಾಣುವ ಸಣ್ಣ ಗೆರೆಯ ಮುಂದಿನ ಭಾಗಕ್ಕೆ ಒತ್ತು ಬೀಳುತ್ತದೆ ಎಂಬುದನ್ನು ತಿಳಿದಿದ್ದರೆ ಧ್ವನಿಯಿಲ್ಲದಾಗಲೂ ಕೆಲಸ ನಡೆಯುತ್ತದೆ.

ಹಂತ 5: ಪದದ ಒಡನಾಡಿಗಳನ್ನು ಪತ್ತೆ ಹಚ್ಚುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವ ಹಂತ ಇದು, ಎಲ್ಲರೂ ಬಿಟ್ಟುಬಿಡುವ ಹಂತವೂ ಇದೇ. ಕನ್ನಡದಲ್ಲಿ ನಾವು ‘ಕಡುಬಡತನ’ ಎನ್ನುತ್ತೇವೆ, ‘ಗಾಢ ನಿದ್ರೆ’ ಎನ್ನುತ್ತೇವೆ, ‘ಹಸಿ ಸುಳ್ಳು’ ಎನ್ನುತ್ತೇವೆ. ‘ಗಾಢ ಬಡತನ’, ‘ಹಸಿ ಸತ್ಯ’ ಎಂದರೆ ವ್ಯಾಕರಣ ತಪ್ಪದಿದ್ದರೂ ಕಿವಿಗೆ ಒಗ್ಗುವುದಿಲ್ಲ. ಇಂಗ್ಲಿಷಿನ ಅಪರೂಪದ ಪದಗಳು ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು, ಏಕೆಂದರೆ ಅವುಗಳಲ್ಲಿ ಎಷ್ಟೋ ಪದಗಳು ನಾಲ್ಕೈದು ಒಡನಾಡಿಗಳ ಆಸರೆಯಲ್ಲೇ ಬದುಕಿವೆ.

‘ಅಬ್ಜೆಕ್ಟ್’ ಎಂಬುದು ‘ಪಾವರ್ಟಿ’, ‘ಮಿಸರಿ’, ‘ಫೇಲ್ಯೂರ್’, ‘ಅಪಾಲಜಿ’ಗಳ ಜೊತೆ ಬರುತ್ತದೆ. ‘ಇನ್‌ಕ್ಲೆಮೆಂಟ್’ ಹೆಚ್ಚುಕಡಿಮೆ ‘ವೆದರ್’ನೊಂದಿಗೇ ಮದುವೆಯಾಗಿದೆ. ‘ಎಕ್ಸ್‌ಟೆನ್ಯುಯೇಟಿಂಗ್’ ಬಂದರೆ ಹಿಂದೆಯೇ ‘ಸರ್ಕಮ್‌ಸ್ಟನ್ಸಸ್’ ಬರಬೇಕು. ‘ಅನ್‌ಮಿಟಿಗೇಟೆಡ್’ ಎಂಬುದಕ್ಕೆ ‘ಡಿಸಾಸ್ಟರ್’ ಜೋಡಿ. ‘ಮಾಡಿಕಮ್’ ಎಂದರೆ ‘ಅಲ್ಪ ಪ್ರಮಾಣ’ ಎಂದು ಕಲಿತು ‘ಎ ಮಾಡಿಕಮ್ ಆಫ್ ಶುಗರ್’ ಎಂದರೆ ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ, ಆದರೆ ಆ ಪದ ಸಾಮಾನ್ಯವಾಗಿ ಅಳೆಯುವುದು ಗೌರವ, ಸತ್ಯ, ವಿವೇಕ, ಸಭ್ಯತೆಯಂಥ ಗುಣಗಳನ್ನು.

ಒಡನಾಡಿಗಳನ್ನು ನೋಡುವಾಗ ಅವು ಒಳ್ಳೆಯವೋ ಕೆಟ್ಟವೋ ಎಂಬುದನ್ನೂ ಗಮನಿಸಬೇಕು. ‘ರೈಫ್’ ಎಂದರೆ ‘ವ್ಯಾಪಕವಾಗಿರುವ’ ಎಂದು ನಿಘಂಟು ಹೇಳುತ್ತದೆ. ಕಾರ್ಪಸ್‌ನಲ್ಲಿ ನೋಡಿದರೆ ಅದರ ಸುತ್ತ ಭ್ರಷ್ಟಾಚಾರ, ವದಂತಿ, ರೋಗ, ಅಪರಾಧಗಳೇ ನೆರೆದಿರುತ್ತವೆ. ಕನ್ನಡದಲ್ಲಿ ‘ತಾಂಡವವಾಡುತ್ತಿದೆ’ ಎಂಬ ಮಾತಿಗೂ ಇದೇ ಗುಣವಿದೆ: ಭ್ರಷ್ಟಾಚಾರ ತಾಂಡವವಾಡುತ್ತದೆ, ಬಡತನ ತಾಂಡವವಾಡುತ್ತದೆ, ಸಂತೋಷ ತಾಂಡವವಾಡುವುದನ್ನು ಯಾರೂ ಕೇಳಿಲ್ಲ. ‘ತುಂಬಿಕೊಂಡ’ ಎಂಬರ್ಥದ ‘ಫ್ರಾಟ್’ ಎಂಬುದರ ಜೊತೆ ಅಪಾಯ ಮತ್ತು ತೊಡಕುಗಳು ಬರುತ್ತವೆ. ಈ ಒಳಬಣ್ಣವನ್ನು ನಿಘಂಟಿನ ಅರ್ಥದ ಸಾಲು ಎಷ್ಟೋ ಬಾರಿ ಹೇಳುವುದೇ ಇಲ್ಲ, ಉದಾಹರಣೆ ವಾಕ್ಯಗಳು ಹೇಳುತ್ತವೆ.

ಮಾಡುವ ಕ್ರಮ ಹೀಗಿದೆ. ಕಾರ್ಪಸ್‌ನಲ್ಲಿ ಪದವನ್ನು ಹುಡುಕಿ ಕನಿಷ್ಠ ಇಪ್ಪತ್ತು ವಾಕ್ಯಗಳನ್ನು ಓದಿ. ಪದದ ಎಡಕ್ಕೂ ಬಲಕ್ಕೂ ಮತ್ತೆ ಮತ್ತೆ ಬರುವ ಪದಗಳನ್ನು ಪಟ್ಟಿಮಾಡಿ. ಅವುಗಳಲ್ಲಿ ಹೆಚ್ಚು ಬಾರಿ ಕಂಡ ಎರಡನ್ನು ಮಾತ್ರ ಉಳಿಸಿಕೊಳ್ಳಿ. ಇಪ್ಪತ್ತು ವಾಕ್ಯ ಓದಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನು ಕೊಡಲು ಮನಸ್ಸಿಲ್ಲದ ಪದವನ್ನು ಬಳಸುವ ಪಟ್ಟಿಯಿಂದ ತೆಗೆದುಹಾಕುವುದೇ ಪ್ರಾಮಾಣಿಕ ಕ್ರಮ.

ಹಂತ 6: ವಾಕ್ಯದಲ್ಲಿ ಪದದ ಜಾಗ ಮತ್ತು ಪ್ರಿಪೊಸಿಷನ್

ಕೆಲವು ವಿಶೇಷಣಗಳು ನಾಮಪದಕ್ಕೆ ಮೊದಲು ಮಾತ್ರ ನಿಲ್ಲುತ್ತವೆ, ಕೆಲವು ನಂತರ ಮಾತ್ರ. ‘ಅರ್ಸ್ಟ್‌ವೈಲ್’ ಎಂಬುದನ್ನು ‘ಅರ್ಸ್ಟ್‌ವೈಲ್ ಫ್ರೆಂಡ್’ (ಹಿಂದಿನ ಗೆಳೆಯ) ಎಂದು ನಾಮಪದಕ್ಕೆ ಮೊದಲು ಇಡಬಹುದು. ‘ಹಿ ಈಸ್ ಅರ್ಸ್ಟ್‌ವೈಲ್’ ಎನ್ನಲಾಗದು. ‘ಹೇರಳವಾಗಿ’ ಎಂಬರ್ಥದ ‘ಗಲೋರ್’ ಇದಕ್ಕೆ ತದ್ವಿರುದ್ಧ: ‘ಆಪರ್ಚುನಿಟೀಸ್ ಗಲೋರ್’ ಎಂದು ನಾಮಪದದ ನಂತರ ಬರಬೇಕು. ‘ಅರೈ’ ಕ್ರಿಯಾಪದದ ನಂತರ ಬರುತ್ತದೆ: ಯೋಜನೆ ‘ಗೋಸ್ ಅರೈ’. ‘ಲೋತ್’ ಎಂಬುದರ ನಂತರ ‘ಟು’ ಮತ್ತು ಕ್ರಿಯಾಪದ ಬೇಕು: ‘ಲೋತ್ ಟು ಅಡ್ಮಿಟ್’. ಕೊನೆಯಲ್ಲಿ ಇ ಸೇರಿದರೆ ಅದು ‘ದ್ವೇಷಿಸು’ ಎಂಬ ಅರ್ಥದ ಬೇರೆಯೇ ಕ್ರಿಯಾಪದವಾಗುತ್ತದೆ.

ಪ್ರಿಪೊಸಿಷನ್ನುಗಳ ವಿಷಯದಲ್ಲಿ ಕನ್ನಡದ ವಿಭಕ್ತಿಯನ್ನು ನಂಬಿ ಹೊರಟರೆ ದಾರಿ ತಪ್ಪುತ್ತದೆ. ‘ಬಗ್ಗೆ’ ಎಂಬುದು ಮನಸ್ಸಿನಲ್ಲಿರುವುದರಿಂದ ‘ಅವರ್ಸ್ ಅಬೌಟ್’ (ಅದರ ಬಗ್ಗೆ ಮನಸ್ಸಿಲ್ಲದ) ಎಂದು ಬರೆಯುವವರಿದ್ದಾರೆ. ಸರಿಯಾದದ್ದು ‘ಅವರ್ಸ್ ಟು’. ಹೀಗೆಯೇ ‘ಇಂಪರ್ವಿಯಸ್ ಟು’, ‘ಟ್ಯಾಂಟಮೌಂಟ್ ಟು’, ‘ಕಂಡ್ಯೂಸಿವ್ ಟು’, ‘ಡಿವಾಯ್ಡ್ ಆಫ್’, ‘ಬಿರೆಫ್ಟ್ ಆಫ್’, ‘ರಿಪ್ಲೀಟ್ ವಿತ್’, ‘ಫ್ರಾಟ್ ವಿತ್’. ಇವನ್ನು ಬಿಡಿ ಪದಗಳಾಗಿ ಕಲಿಯಲೇಬೇಡಿ. ಪ್ರಿಪೊಸಿಷನ್ ಸೇರಿದ ಇಡೀ ಗುಂಪನ್ನು ಒಂದೇ ಪದವೆಂಬಂತೆ ಬರೆದುಕೊಳ್ಳಿ.

ಹಂತ 7: ಕನ್ನಡದ ಅರ್ಥವನ್ನು ಈಗ ಬರೆಯುವುದು

ಇಷ್ಟು ಕೆಲಸವಾದ ಮೇಲೆ ಇಂಗ್ಲಿಷ್-ಕನ್ನಡ ನಿಘಂಟನ್ನು ತೆರೆಯಿರಿ. ಅಲ್ಲಿರುವ ಪದಗಳಲ್ಲಿ ಯಾವುದು ನೀವು ಓದಿದ ಇಪ್ಪತ್ತು ವಾಕ್ಯಗಳಿಗೆ ಹೊಂದುತ್ತದೆಂದು ಈಗ ನೀವೇ ಆರಿಸಬಲ್ಲಿರಿ. ಯಾವುದೂ ಹೊಂದದಿದ್ದರೆ ಒಂದು ವಾಕ್ಯದಲ್ಲಿ ವಿವರಣೆ ಬರೆದುಕೊಳ್ಳಿ.

ನಿಘಂಟಿನ ಸಂಸ್ಕೃತಮೂಲದ ಸಮಾನಪದಕ್ಕಿಂತ ಆಡುನುಡಿಯ ಮಾತು ಎಷ್ಟೋ ಬಾರಿ ಹೆಚ್ಚು ಹತ್ತಿರವಾಗಿರುತ್ತದೆ. ‘ಅರೈ’ ಎಂಬುದಕ್ಕೆ ‘ವಕ್ರ’ ಎನ್ನುವುದಕ್ಕಿಂತ ‘ಎಡವಟ್ಟಾಗು’ ಎಂಬುದು ಸರಿ. ‘ಸ್ಮ್ಯಾಟರಿಂಗ್’ ಎಂದರೆ ‘ಅಷ್ಟಿಷ್ಟು ಬರುತ್ತದೆ’ ಎನ್ನುವಾಗಿನ ಆ ‘ಅಷ್ಟಿಷ್ಟು’. ‘ಲೋತ್’ ಎಂದರೆ ‘ಮನಸ್ಸೊಪ್ಪದ’. ಕಷ್ಟದ ಇಂಗ್ಲಿಷ್ ಪದದ ಮುಂದೆ ಅದಕ್ಕಿಂತ ಕಷ್ಟದ ಕನ್ನಡ ಪದವನ್ನು ಬರೆದುಕೊಂಡರೆ ನೆನಪಿಡಬೇಕಾದವು ಎರಡಾಗುತ್ತವೆ.

ಒಂದೇ ಕನ್ನಡ ಪದ ಎರಡು ಇಂಗ್ಲಿಷ್ ಪದಗಳ ಮುಂದೆ ಕುಳಿತಿದ್ದರೆ ವ್ಯತ್ಯಾಸವನ್ನು ಬರೆಯದೆ ಮುಂದೆ ಹೋಗಬೇಡಿ. ‘ಟ್ಯಾಸಿಟರ್ನ್’, ‘ಲಕಾನಿಕ್’ ಎರಡಕ್ಕೂ ‘ಮಿತಭಾಷಿ’ ಎಂದಿರುತ್ತದೆ. ಆದರೆ ಮೊದಲನೆಯದು ಮಾತು ಕಡಿಮೆಯಿರುವ ವ್ಯಕ್ತಿಯ ಸ್ವಭಾವ, ಎರಡನೆಯದು ಚುಟುಕಾದ ಉತ್ತರಕ್ಕೂ ಶೈಲಿಗೂ ಸಲ್ಲುವಂಥದ್ದು. ‘ಲಕಾನಿಕ್ ರಿಪ್ಲೈ’ ಇದೆ, ‘ಟ್ಯಾಸಿಟರ್ನ್ ರಿಪ್ಲೈ’ ಒಗ್ಗದು.

ಹಂತ 8: ಅವಳಿ ಪದಗಳನ್ನು ಬಿಡಿಸಿಕೊಳ್ಳುವುದು

ನೋಡಲು ಒಂದೇ ತರಹ ಕಾಣುವ ಜೋಡಿಗಳನ್ನು ಒಂದೇ ದಿನ ಒಟ್ಟಿಗೆ ಕಲಿಯುವುದು ಸಲೀಸೆಂದು ತೋರುತ್ತದೆ, ಆದರೆ ಹೊಸದಾಗಿ ಕಲಿತ ಎರಡು ನೆನಪುಗಳು ಒಂದರ ಮೇಲೊಂದು ಬಿದ್ದು ಯಾವುದು ಯಾವುದೆಂಬುದೇ ಕಲಸಿಹೋಗುತ್ತದೆ. ಒಂದನ್ನು ಗಟ್ಟಿಮಾಡಿಕೊಂಡು ಎರಡು ವಾರ ಕಳೆದ ಮೇಲೆ ಇನ್ನೊಂದನ್ನು ತೆರೆಯಿರಿ.

‘ಫ್ಲೌಟ್’ ಎಂದರೆ ನಿಯಮವನ್ನು ಎಲ್ಲರೆದುರೇ ಧಿಕ್ಕರಿಸುವುದು, ‘ಫ್ಲಾಂಟ್’ ಎಂದರೆ ಮೆರೆಸುವುದು. ‘ಇಂಜೀನಿಯಸ್’ ಎಂದರೆ ಚತುರ, ‘ಇಂಜೆನ್ಯುಅಸ್’ ಎಂದರೆ ಕಪಟವರಿಯದ. ಎರಡನೆಯದಕ್ಕಿಂತ ಅದರ ವಿರುದ್ಧಪದ ‘ಡಿಸಿಂಜೆನ್ಯುಅಸ್’ ಹೆಚ್ಚಾಗಿ ಕಾಣುವುದರಿಂದ ಅದನ್ನೇ ಮೊದಲು ಕಲಿಯುವುದು ಜಾಣತನ. ‘ಟಾರ್ಚುಅಸ್’ ಎಂದರೆ ಅಂಕುಡೊಂಕಾದ, ‘ಟಾರ್ಚರಸ್’ ಎಂದರೆ ಚಿತ್ರಹಿಂಸೆಯಂಥ. ‘ಸ್ಯಾಂಗ್ವಿನ್’, ‘ಸ್ಯಾಂಗ್ವಿನರಿ’ ಎರಡೂ ರಕ್ತವೆಂಬ ಅರ್ಥದ ಒಂದೇ ಲ್ಯಾಟಿನ್ ಪದದಿಂದ ಬಂದಿದ್ದರೂ ಮೊದಲನೆಯದು ಭರವಸೆ ತುಂಬಿದ ಮನಸ್ಸು, ಎರಡನೆಯದು ರಕ್ತಪಾತ. ‘ಮಿಟಿಗೇಟ್’ ಎಂದರೆ ತೀವ್ರತೆ ತಗ್ಗಿಸುವುದು, ಅದಕ್ಕೆ ನೇರವಾಗಿ ಕರ್ಮಪದ ಸಾಕು. ‘ಮಿಲಿಟೇಟ್’ ಎಂದರೆ ಪ್ರತಿಕೂಲವಾಗಿ ನಿಲ್ಲುವುದು, ಅದರ ಜೊತೆಗೆ ‘ಅಗೇನ್‌ಸ್ಟ್’ ಬರುತ್ತದೆ. ‘ಮಿಟಿಗೇಟ್ ಅಗೇನ್‌ಸ್ಟ್’ ಎಂಬುದು ಪತ್ರಿಕೆಗಳಲ್ಲೂ ಕಾಣುವ ಬೆರಕೆ.

ಈ ಜೋಡಿಗಳಲ್ಲಿ ನನಗೆ ಮುಖ್ಯವೆನಿಸುವುದು ‘ಡಿಸಿಂಟರೆಸ್ಟೆಡ್’. ನ್ಯಾಯಾಧೀಶರು ‘ಡಿಸಿಂಟರೆಸ್ಟೆಡ್’ ಆಗಿರಬೇಕು, ಅಂದರೆ ಸ್ವಾರ್ಥವಿಲ್ಲದೆ ನಿಷ್ಪಕ್ಷಪಾತಿಯಾಗಿರಬೇಕು. ‘ಅನಿಂಟರೆಸ್ಟೆಡ್’ ಆದರೆ, ಅಂದರೆ ಆಸಕ್ತಿಯೇ ಇಲ್ಲದೆ ಕುಳಿತರೆ, ಕಕ್ಷಿದಾರರ ಗತಿಯೇನು? ಮೊದಲನೆಯದನ್ನು ಎರಡನೆಯದರ ಅರ್ಥದಲ್ಲಿ ಬಳಸುವುದು ಈಗ ಬಹಳ ಹಬ್ಬಿದೆ. ಆದರೂ ಎಚ್ಚರದಿಂದ ಬರೆಯುವವರು ಈ ಗೆರೆಯನ್ನು ಅಳಿಸುವುದಿಲ್ಲ.

ಹಂತ 9: ಚೀಟಿ ಮಾಡುವುದು ಮತ್ತು ಮರಳಿ ಓದುವುದು

ಚೀಟಿಯ ಮುಂಭಾಗದಲ್ಲಿ ಪದವನ್ನು ಬರೆಯಬೇಡಿ. ಪದದ ಜಾಗ ಖಾಲಿ ಬಿಟ್ಟ ವಾಕ್ಯವನ್ನು ಬರೆದು, ಹಿಂಭಾಗದಲ್ಲಿ ಪದ, ಅದರ ಉಚ್ಚಾರಣೆ, ಪ್ರಿಪೊಸಿಷನ್, ಇಬ್ಬರು ಒಡನಾಡಿಗಳು, ನಿಘಂಟಿನ ಗುರುತು ಮತ್ತು ಕನ್ನಡದ ವಿವರಣೆಯನ್ನು ಬರೆಯಿರಿ. ಪದ ನೋಡಿ ಅರ್ಥ ಹೇಳುವುದು ಸುಲಭ. ಸಂದರ್ಭ ನೋಡಿ ಪದ ಹೇಳುವುದು ಬರೆಯುವವರಿಗೆ ಬೇಕಾದ ಕೌಶಲ.

ಮರೆವು ಕಲಿತ ಮೊದಲ ಒಂದೆರಡು ದಿನಗಳಲ್ಲಿ ವೇಗವಾಗಿದ್ದು ನಂತರ ನಿಧಾನವಾಗುವುದರಿಂದ ಮರು ಓದಿನ ಅಂತರವನ್ನೂ ಕ್ರಮೇಣ ಹಿಗ್ಗಿಸಬೇಕು. ಮರುದಿನ, ಮೂರನೆಯ ದಿನ, ಒಂದು ವಾರ, ಮೂರು ವಾರ, ಎರಡು ತಿಂಗಳು ಎಂಬ ಅಂತರ ನನಗೆ ಹೊಂದಿಕೊಂಡಿದೆ. ತಪ್ಪಿದ ಚೀಟಿ ಮತ್ತೆ ಮೊದಲ ದಿನಕ್ಕೆ ಬರಬೇಕು. ಈ ಲೆಕ್ಕವನ್ನು ತಾನೇ ಇಡುವ ಆಂಕಿಯಂಥ ತಂತ್ರಾಂಶಗಳಿವೆ. ಬೇರೆಯವರು ಮಾಡಿಟ್ಟ ಚೀಟಿಗಳನ್ನು ಅದರಲ್ಲಿ ಇಳಿಸಿಕೊಂಡರೆ ಮಾತ್ರ ಹಿಂದಿನ ಎಂಟು ಹಂತಗಳ ಫಲ ಸಿಗುವುದಿಲ್ಲ.

ಹಂತ 10: ಸ್ವಂತ ಬರಹದಲ್ಲಿ ಬಳಸುವುದು

ಮೊದಲ ಬಳಕೆ ಬರಹದಲ್ಲಿರಲಿ, ಮಾತಿನಲ್ಲಿ ಬೇಡ. ಬರೆದದ್ದನ್ನು ತಿದ್ದಲು ಅವಕಾಶವಿರುತ್ತದೆ. ವಾಕ್ಯ ಬರೆದ ಮೇಲೆ ಅಪರೂಪದ ಪದವನ್ನು ತೆಗೆದು ಸರಳ ಪದವನ್ನು ಇಟ್ಟು ನೋಡಿ. ಏನೂ ನಷ್ಟವಾಗದಿದ್ದರೆ ಸರಳ ಪದವೇ ಇರಲಿ. ‘ಪೆನಲ್ಟಿಮೇಟ್ ಚಾಪ್ಟರ್’ ಎಂಬುದನ್ನು ತೆಗೆದರೆ ನಾಲ್ಕು ಪದ ಬರೆಯಬೇಕಾಗುತ್ತದೆ, ಆದ್ದರಿಂದ ಅದು ತನ್ನ ಜಾಗಕ್ಕೆ ಅರ್ಹ. ‘ಬ್ಯೂಟಿ’ ಎನ್ನುವ ಕಡೆ ‘ಪಲ್ಕ್ರಿಟ್ಯೂಡ್’ ಎಂದರೆ ಅರ್ಥ ಹೆಚ್ಚುವುದಿಲ್ಲ, ಆಡಂಬರ ಹೆಚ್ಚುತ್ತದೆ. ಒಂದು ಪ್ಯಾರಾಕ್ಕೆ ಒಂದಕ್ಕಿಂತ ಹೆಚ್ಚು ಅಪರೂಪದ ಪದ ಬೇಡ.

ಎಲ್ಲ ಹಂತಗಳನ್ನೂ ದಾಟಿದ ಒಂದು ಪದದ ಚೀಟಿ ಹೇಗಿರುತ್ತದೆಂದು ನೋಡೋಣ. ಪದ ‘ಇಗ್ರೀಜಸ್’. ಆಕಾರ ನೋಡಿದರೆ ಯಾವ ಸುಳಿವೂ ಇಲ್ಲ. ‘ಮಂದೆಯಿಂದ ಹೊರಗೆ ನಿಂತ’ ಎಂಬ ಅದರ ಲ್ಯಾಟಿನ್ ಮೂಲವನ್ನು ನಂಬಿದರೆ ‘ಶ್ರೇಷ್ಠ’ ಎಂಬ ಅರ್ಥಕ್ಕೆ ಹೋಗುತ್ತೇವೆ. ಆ ಅರ್ಥ ಹಿಂದೆ ಇತ್ತು, ಈಗ ಅದರ ಮುಂದೆ ‘ಆರ್ಕೇಯಿಕ್’ ಎಂಬ ಗುರುತಿದೆ. ಇಂದಿನ ಅರ್ಥ ‘ಕಣ್ಣಿಗೆ ರಾಚುವಷ್ಟು ಕೆಟ್ಟ’. ಗುರುತು ‘ಫಾರ್ಮಲ್’. ಒಡನಾಡಿಗಳು ‘ಎರರ್’ ಮತ್ತು ‘ವಯೊಲೇಷನ್’. ಕನ್ನಡದಲ್ಲಿ ‘ಘೋರ ತಪ್ಪು’ ಎನ್ನುವಾಗಿನ ‘ಘೋರ’ ಇದಕ್ಕೆ ಹತ್ತಿರ, ಆದರೆ ಘೋರ ಯುದ್ಧ, ಘೋರ ತಪಸ್ಸುಗಳಿಗೆ ಇದು ಸಲ್ಲದು. ಈ ಕೊನೆಯ ಸಾಲನ್ನು ಬರೆಯಬಲ್ಲಿರಾದರೆ ಪದ ಕೈವಶವಾಗಿದೆ.

ಎಚ್ಚರಿಕೆಯ ಲಕ್ಷಣಗಳು

ನೀವು ಬರೆದ ವಾಕ್ಯ ಮನಸ್ಸಿನಲ್ಲಿ ಮೊದಲು ಕನ್ನಡದಲ್ಲಿ ಮೂಡಿ, ಒಂದೊಂದೇ ಪದ ಬದಲಾಗಿ ಇಂಗ್ಲಿಷಾಗಿದ್ದರೆ ಅಲ್ಲಿ ಅಪರೂಪದ ಪದವನ್ನು ಇಡಬೇಡಿ. ಪದದ ಜೊತೆಗಾರರನ್ನು ಕೇಳಿದಾಗ ಒಂದೂ ನೆನಪಾಗದಿದ್ದರೆ ಐದನೆಯ ಹಂತ ಆಗಿಲ್ಲವೆಂದು ತಿಳಿಯಿರಿ. ನೀವು ಇಟ್ಟ ಜೋಡಿಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದಾಗ ಬೆರಳೆಣಿಕೆಯ ಫಲಿತಾಂಶಗಳು ಮಾತ್ರ ಬಂದರೆ ಆ ಜೋಡಿ ನಿಮ್ಮ ಸ್ವಂತ ಸೃಷ್ಟಿ. ಅನುವಾದ ತಂತ್ರಾಂಶಕ್ಕೆ ಒಂಟಿ ಪದ ಕೊಟ್ಟು ಪಡೆದ ಉತ್ತರವನ್ನು ಮಾತ್ರ ಆಧರಿಸಿದ್ದರೂ ಅದೇ ಅಪಾಯ, ಏಕೆಂದರೆ ಒಂಟಿ ಪದಕ್ಕೆ ಸಂದರ್ಭವೇ ಇರುವುದಿಲ್ಲ.

ಥೆಸಾರಸ್ಸಿನಿಂದ ಎತ್ತಿದ ಪದವಾದರೆ ಇನ್ನಷ್ಟು ಅನುಮಾನ ಪಡಬೇಕು. ‘ತೆಳ್ಳಗಿನ’ ಎಂಬುದರ ಕೆಳಗೆ ‘ಸ್ವೆಲ್ಟ್’, ‘ಗಾಂಟ್’, ‘ಇಮೇಸಿಯೇಟೆಡ್’ ಒಟ್ಟಿಗೇ ಕುಳಿತಿರುತ್ತವೆ. ಮೊದಲನೆಯದು ಮೆಚ್ಚುಗೆಯ ಮಾತು, ಎರಡನೆಯದು ಸೊರಗಿ ಮುಖದ ಮೂಳೆ ಎದ್ದು ಕಾಣುವ ಸ್ಥಿತಿ, ಮೂರನೆಯದು ಹಸಿವು ಅಥವಾ ರೋಗದಿಂದ ಎಲುಬಿನ ಹಂದರವಾದ ದೇಹ. ಗೆಳತಿಯನ್ನು ಹೊಗಳಲು ಹೊರಟವರು ಇವುಗಳಲ್ಲಿ ಯಾವುದನ್ನು ಎತ್ತಿಕೊಳ್ಳುತ್ತಾರೆಂಬುದರ ಮೇಲೆ ಗೆಳೆತನವೇ ನಿಂತಿದೆ.

ಒಂದು ಪದ ಮೂರು ಬಾರಿ ಬಳಸಿದಾಗಲೂ ಓದಿದವರು ಹುಬ್ಬೇರಿಸಿದರೆ ಅಥವಾ ‘ಹೀಗೆಂದರೇನು’ ಎಂದು ಕೇಳಿದರೆ ಅದನ್ನು ಬಳಸುವ ಪಟ್ಟಿಯಿಂದ ಗುರುತಿಸುವ ಪಟ್ಟಿಗೆ ವಾಪಸ್ಸು ಕಳುಹಿಸಿ, ಚೀಟಿಯ ಮೇಲೆ ದಿನಾಂಕ ಹಾಕಿಡಿ. ಓದುವಾಗ ಅದು ಹೊಸದಾಗಿ ಐದಾರು ಬಾರಿ ಎದುರಾದ ಮೇಲೆ ಎರಡನೆಯ ಹಂತದಿಂದ ಮತ್ತೆ ಶುರುಮಾಡಬಹುದು.